‘ಹ್ಯೂಮರ್’: ಒಂದು ಇಂಗ್ಲಿಷ್ ಪದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

‘ಹ್ಯೂಮರ್’ ಎಂದರೆ ಹಾಸ್ಯ ಎಂದು ಶಾಲೆಯಲ್ಲೇ ಕಲಿತು ಮುಗಿಸಿರುತ್ತೇವೆ. ಆಮೇಲೊಂದು ದಿನ ಹಳೆಯ ಇಂಗ್ಲಿಷ್ ಕಾದಂಬರಿಯಲ್ಲಿ ಯಾರೋ ‘ಔಟ್ ಆಫ್ ಹ್ಯೂಮರ್’ ಆಗಿ ಮಾತು ಬಿಟ್ಟು ಕೂರುತ್ತಾರೆ. ಕಣ್ಣಿನ ವೈದ್ಯರ ವರದಿಯಲ್ಲಿ ‘ವಿಟ್ರಿಯಸ್ ಹ್ಯೂಮರ್’ ಎಂದು ಬರೆದಿರುತ್ತದೆ. ಸಿನಿಮಾದ ಪಾತ್ರವೊಂದು ಗಂಭೀರ ಮುಖದಲ್ಲಿ ‘ಹ್ಯೂಮರ್ ಮಿ’ ಎನ್ನುತ್ತದೆ. ಮೂರರಲ್ಲೂ ನಗೆಯ ಸುಳಿವೇ ಇಲ್ಲ. ಆಗ ಏಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಹೆಚ್ಚಿನ ಉತ್ತರಗಳು ಸುತ್ತಿ ಬಳಸಿ ಒಂದೇ ಸಂಗತಿಗೆ ಬಂದು ನಿಲ್ಲುತ್ತವೆ: ಈ ಪದ ಮೊದಲು ಮನುಷ್ಯನ ಸ್ವಭಾವವನ್ನು ಹೇಳುತ್ತಿತ್ತು, ನಗೆ ಅದಕ್ಕೆ ತಡವಾಗಿ ಬಂದು ಸೇರಿಕೊಂಡಿತು.

ಒಂದೇ ಮಾತಿನಲ್ಲಿ ‘ಹ್ಯೂಮರ್’ ಎಂದರೆ ಏನು?

ಒಂದೇ ಮಾತಿನಲ್ಲಿ ಆಗುವುದಿಲ್ಲ. ಇಂದಿನ ಬಳಕೆಯಲ್ಲಿ ಮೊದಲು ಬರುವ ಅರ್ಥ, ಮಾತು, ಬರಹ ಅಥವಾ ಸನ್ನಿವೇಶದಲ್ಲಿ ನಗು ತರಿಸುವ ಗುಣ. ಅದಕ್ಕೆ ಅಂಟಿಕೊಂಡೇ ಇರುವ ಎರಡನೆಯ ಅರ್ಥ, ಆ ಗುಣವನ್ನು ಕಾಣಬಲ್ಲ ಮತ್ತು ಹೊಮ್ಮಿಸಬಲ್ಲ ಶಕ್ತಿ. ಮೂರನೆಯದು ಮನಸ್ಸಿನ ಸ್ಥಿತಿ, ಅಂದರೆ ನಾವು ‘ಮೂಡ್’ ಎನ್ನುವುದು. ನಾಲ್ಕನೆಯದು ದೇಹದೊಳಗಿನ ದ್ರವ. ಇವಲ್ಲದೆ ಕ್ರಿಯಾಪದವಾಗಿಯೂ ಅದಕ್ಕೊಂದು ಬದುಕಿದೆ. ಇಂದಿನ ಬಳಕೆಯ ನಿಘಂಟುಗಳು ಸಾಮಾನ್ಯವಾಗಿ ನಗೆಯನ್ನು ಮೊದಲಿಟ್ಟು ದ್ರವವನ್ನು ಕೊನೆಗಿಡುತ್ತವೆ. ಚರಿತ್ರೆಯಲ್ಲಿ ನಡೆದದ್ದು ಅದರ ತಿರುವುಮುರುವು.

ದ್ರವಕ್ಕೂ ನಗೆಗೂ ಎಲ್ಲಿಂದೆಲ್ಲಿಯ ನಂಟು?

ಲ್ಯಾಟಿನ್ ಭಾಷೆಯಲ್ಲಿ ‘ಊಮೊರ್’ ಎಂದರೆ ತೇವ, ದ್ರವ. ‘ಹ್ಯುಮಿಡ್’, ‘ಹ್ಯುಮಿಡಿಟಿ’ ಎಂಬ ಪದಗಳು ಇದೇ ಮನೆತನದವು. ಫ್ರೆಂಚ್ ಮೂಲಕ 14ನೇ ಶತಮಾನದಲ್ಲಿ ಈ ಪದ ಇಂಗ್ಲಿಷಿಗೆ ಬಂದಾಗ ಅದು ವೈದ್ಯರ ಪದವಾಗಿತ್ತು. ಕ್ರಿಸ್ತಪೂರ್ವದ ಗ್ರೀಕ್ ವೈದ್ಯ ಹಿಪಾಕ್ರಟೀಸನ ಪರಂಪರೆಯಲ್ಲಿ ರೂಪುಗೊಂಡು, ಕ್ರಿಸ್ತಶಕ 2ನೇ ಶತಮಾನದಲ್ಲಿ ಗೇಲನ್ ಬೆಳೆಸಿದ ಸಿದ್ಧಾಂತದ ಪ್ರಕಾರ ದೇಹದಲ್ಲಿ ನಾಲ್ಕು ದ್ರವಗಳು ಇರುತ್ತವೆ: ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ. ಇವು ಹದವಾಗಿ ಬೆರೆತಿದ್ದರೆ ಆರೋಗ್ಯ, ಒಂದು ಮೇಲುಗೈ ಪಡೆದರೆ ರೋಗ. ಇವೇ ‘ಹ್ಯೂಮರ್ಸ್’.

ಆದರೆ ಸಿದ್ಧಾಂತ ರೋಗದ ಬಳಿಯೇ ನಿಲ್ಲಲಿಲ್ಲ. ಯಾವ ದ್ರವ ಹೆಚ್ಚೋ ಅದರ ಪ್ರಕಾರ ಮನುಷ್ಯನ ಸ್ವಭಾವ ಎಂದಿತು. ರಕ್ತ ಹೆಚ್ಚಿದ್ದವನು ಉಲ್ಲಾಸಿ, ಆಶಾವಾದಿ. ಕಫದವನು ನಿಧಾನಿ, ಯಾವುದಕ್ಕೂ ಅಲುಗದವನು. ಹಳದಿ ಪಿತ್ತದವನಿಗೆ ಮೂಗಿನ ತುದಿಯಲ್ಲೇ ಕೋಪ. ಕಪ್ಪು ಪಿತ್ತದವನು ವಿಷಾದದ ಮನುಷ್ಯ. ಸಿಟ್ಟು ಬಂದವರನ್ನು ಕಂಡು ‘ಪಿತ್ತ ನೆತ್ತಿಗೇರಿದೆ’ ಎನ್ನುವ ಕನ್ನಡಿಗರಿಗೆ ಈ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಆಯುರ್ವೇದದ ವಾತ, ಪಿತ್ತ, ಕಫಗಳ ಲೆಕ್ಕ ಬೇರೆಯಾದರೂ, ದೇಹದೊಳಗೆ ಹರಿಯುವುದರಿಂದ ಮನಸ್ಸಿನ ಬಣ್ಣವನ್ನು ಹೇಳುವ ರೂಢಿ ಎರಡೂ ಕಡೆ ಇದೆ.

ಹೀಗೆ ದ್ರವ ಎಂಬ ಅರ್ಥ ಸ್ವಭಾವವಾಯಿತು, ಸ್ವಭಾವ ಎಂಬುದು ಆ ಹೊತ್ತಿನ ಮನಃಸ್ಥಿತಿಯೂ ಆಯಿತು. 16ನೇ ಶತಮಾನದ ಕೊನೆಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ‘ಹ್ಯೂಮರ್’ ಎಂದರೆ ಗೀಳು, ಖಯಾಲಿ, ಒಬ್ಬೊಬ್ಬರ ವಿಚಿತ್ರ ಒಲವು ಎಂಬ ಅರ್ಥವೂ ಬೆಳೆಯಿತು. ಆಗ ಲಂಡನ್ನಿನಲ್ಲಿ ಅದು ಫ್ಯಾಷನ್ ಪದ. ಷೇಕ್ಸ್‌ಪಿಯರ್ ನಾಟಕಗಳ ನಿಮ್ ಎಂಬ ಸಿಪಾಯಿ ಸಂಬಂಧವಿರಲಿ ಇಲ್ಲದಿರಲಿ ಮಾತುಮಾತಿಗೆ ‘ಹ್ಯೂಮರ್’ ಎನ್ನುವುದು ಆ ಫ್ಯಾಷನ್ನಿನ ಅಣಕವೇ. 1598ರಲ್ಲಿ ಬೆನ್ ಜಾನ್ಸನ್ ‘ಎವ್ರಿ ಮ್ಯಾನ್ ಇನ್ ಹಿಸ್ ಹ್ಯೂಮರ್’ ಎಂಬ ನಾಟಕವನ್ನೇ ಬರೆದ. ಅದರ ನಟರ ಪಟ್ಟಿಯಲ್ಲಿ ಷೇಕ್ಸ್‌ಪಿಯರನ ಹೆಸರೂ ಇದೆ. ಮರುವರ್ಷ ‘ಎವ್ರಿ ಮ್ಯಾನ್ ಔಟ್ ಆಫ್ ಹಿಸ್ ಹ್ಯೂಮರ್’ ಬಂತು. ಯಾವುದೋ ಒಂದು ಗುಣ ಮನುಷ್ಯನನ್ನು ಪೂರ್ತಿ ಆವರಿಸಿ ಅವನ ಶಕ್ತಿಯೆಲ್ಲ ಒಂದೇ ದಿಕ್ಕಿಗೆ ಹರಿದರೆ ಅದು ಹ್ಯೂಮರ್ ಎಂದು ಈ ಎರಡನೆಯ ನಾಟಕದ ಆರಂಭದಲ್ಲಿ ವಿವರಣೆಯೇ ಬರುತ್ತದೆ. ಅಸೂಯೆಯ ಗಂಡ, ದುಡ್ಡಿನ ಹುಚ್ಚಿನವನು, ಬಡಾಯಿ ಕೊಚ್ಚುವ ಸೈನಿಕ, ಇಂಥವರೆಲ್ಲ ರಂಗದ ಮೇಲೆ ಬಂದರೆ ಜನ ನಗದೆ ಇರುತ್ತಾರೆಯೇ? ನಗೆ ಈ ಪದದೊಳಕ್ಕೆ ಕಾಲಿಟ್ಟದ್ದು ಇಲ್ಲಿ. ಮೊದಲು ಗೀಳಿನವನನ್ನು ನೋಡಿ ನಕ್ಕರು. ನಗಿಸುವ ಗುಣಕ್ಕೇ ‘ಹ್ಯೂಮರ್’ ಎನ್ನುವ ಬಳಕೆ 17ನೇ ಶತಮಾನದ ಕೊನೆಯ ಭಾಗದಲ್ಲಿ ಕಾಣಿಸಿಕೊಂಡಿತು.

ಆ ನಾಲ್ಕು ದ್ರವಗಳ ವೈದ್ಯಪದ್ಧತಿ ಈಗ ಯಾರಿಗೆ ಬೇಕು?

ವೈದ್ಯರಿಗೆ ಬೇಡ. 1628ರಲ್ಲಿ ವಿಲಿಯಂ ಹಾರ್ವೆ ರಕ್ತಪರಿಚಲನೆಯನ್ನು ವಿವರಿಸಿದಾಗ ಅದರ ಬುಡ ಅಲುಗಿತು. 1858ರಲ್ಲಿ ರುಡಾಲ್ಫ್ ವಿರ್ಷೋ ರೋಗದ ನೆಲೆ ಜೀವಕೋಶ ಎಂದು ವಾದಿಸುವ ಹೊತ್ತಿಗೆ ಅದು ಇತಿಹಾಸಕ್ಕೆ ಸೇರಿತ್ತು. ಭಾಷೆ ಮಾತ್ರ ಅದನ್ನು ಬಿಟ್ಟುಕೊಟ್ಟಿಲ್ಲ. ‘ಸ್ಯಾಂಗ್ವಿನ್’ ಎಂಬುದರಲ್ಲಿ ರಕ್ತವಿದೆ, ‘ಫ್ಲೆಗ್ಮ್ಯಾಟಿಕ್’ ಎಂಬುದರಲ್ಲಿ ಕಫವಿದೆ, ‘ಕಾಲರಿಕ್’ ಎಂಬುದರಲ್ಲಿ ಪಿತ್ತವಿದೆ. ‘ಮೆಲಂಕಲಿ’ ಎಂದರೆ ಗ್ರೀಕಿನಲ್ಲಿ ಅಕ್ಷರಶಃ ಕಪ್ಪು ಪಿತ್ತ. ‘ಟೆಂಪರಮೆಂಟ್’ ಎಂಬ ಪದದ ಮೂಲದಲ್ಲಿರುವುದೂ ಹದವಾಗಿ ಬೆರೆಸುವುದು ಎಂಬ ಭಾವವೇ.

ಕಣ್ಣಿನೊಳಗೂ ಹ್ಯೂಮರ್ ಇದೆಯೇ?

ಇದೆ, ಎರಡು ಬಗೆಯದು. ಕಾರ್ನಿಯಾ ಮತ್ತು ಮಸೂರದ ನಡುವೆ ನೀರಿನಂತೆ ತೆಳುವಾಗಿರುವುದು ‘ಆಕ್ವಿಯಸ್ ಹ್ಯೂಮರ್’. ಅದು ಸದಾ ಉತ್ಪತ್ತಿಯಾಗುತ್ತಾ ಹೊರಹರಿಯುತ್ತಾ ಇರಬೇಕು. ಹೊರಹರಿವಿಗೆ ಅಡ್ಡಿಯಾದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು. ಮಸೂರದ ಹಿಂದೆ, ರೆಟಿನಾದವರೆಗೆ ತುಂಬಿಕೊಂಡಿರುವ ಲೋಳೆಯಂಥ ವಸ್ತು ‘ವಿಟ್ರಿಯಸ್ ಹ್ಯೂಮರ್’. ವಯಸ್ಸಾದಂತೆ ಅದು ಕುಗ್ಗಿದಾಗ ಕಣ್ಣ ಮುಂದೆ ಎಳೆಗಳು, ಚುಕ್ಕೆಗಳು ತೇಲಿದಂತೆ ಕಾಣುತ್ತವೆ. ರೋಗನಿರೋಧಕ ಶಕ್ತಿಯ ಪಾಠದಲ್ಲಿ ಬರುವ ‘ಹ್ಯೂಮರಲ್ ಇಮ್ಯೂನಿಟಿ’ ಕೂಡ ದ್ರವದ ಅರ್ಥದ್ದೇ. ರಕ್ತ ಮುಂತಾದ ದೇಹದ್ರವಗಳಲ್ಲಿ ಇರುವ ಪ್ರತಿಕಾಯಗಳ ಮೂಲಕ ನಡೆಯುವ ರಕ್ಷಣೆ ಅದು. ಇದನ್ನು ‘ಹಾಸ್ಯದ ರೋಗನಿರೋಧಕ ಶಕ್ತಿ’ ಎಂದು ಅನುವಾದಿಸಿಬಿಡುವ ಯಂತ್ರಗಳಿವೆ, ಎಚ್ಚರ.

‘ಗುಡ್-ಹ್ಯೂಮರ್ಡ್’ ಎಂದರೆ ಚೆನ್ನಾಗಿ ನಗಿಸುವವರು ಎಂದಲ್ಲವೇ?

ಅಲ್ಲ, ಮತ್ತು ಅನುವಾದಕರು ಅತಿ ಹೆಚ್ಚು ಎಡವುವುದು ಇಲ್ಲಿಯೇ. ‘ಗುಡ್-ಹ್ಯೂಮರ್ಡ್’ ಎಂದರೆ ಒಳ್ಳೆಯ ಮನಸ್ಸಿನ, ಸುಲಭಕ್ಕೆ ಸಿಡುಕದ, ಹಸನ್ಮುಖಿ ವ್ಯಕ್ತಿ. ಅವರು ಜೀವನದಲ್ಲಿ ಒಂದೂ ಜೋಕ್ ಹೇಳದೆ ಇರಬಹುದು. ‘ಇಲ್-ಹ್ಯೂಮರ್ಡ್’ ಎಂದರೆ ಸಿಡುಕ, ಗಂಟುಮುಖದವನು. ಅವನು ಕೆಟ್ಟ ಹಾಸ್ಯ ಮಾಡುವವನು ಎಂದು ಅರ್ಥ ಮಾಡಿದರೆ ಕಥೆಯೇ ಕೆಡುತ್ತದೆ. ‘ಔಟ್ ಆಫ್ ಹ್ಯೂಮರ್’ ಎಂದರೆ ಮನಸ್ಸು ಸರಿಯಿಲ್ಲದಿರುವುದು, ಮುನಿಸಿಕೊಂಡಿರುವುದು. ಜೇನ್ ಆಸ್ಟಿನ್ ಕಾದಂಬರಿಗಳಲ್ಲಿ ಈ ಬಳಕೆಗಳು ಹೇರಳವಾಗಿವೆ. ಅಲ್ಲಿ ‘ಹ್ಯೂಮರ್’ ಕಂಡಾಗಲೆಲ್ಲ ಮೊದಲು ‘ಮನಃಸ್ಥಿತಿ’ ಎಂದು ಓದಿ ನೋಡಿ, ಹೆಚ್ಚಿನ ಕಡೆ ಸರಿಹೋಗುತ್ತದೆ.

ಇಂದಿನ ಪತ್ರಿಕೆಗಳಲ್ಲೂ ‘ಗುಡ್-ಹ್ಯೂಮರ್ಡ್ ಕ್ರೌಡ್’ ಎಂದು ಬರೆಯುತ್ತಾರೆ. ಜನಜಂಗುಳಿ ಇತ್ತು, ಆದರೆ ಗಲಾಟೆಗೆ ಇಳಿಯದೆ ಖುಷಿಯಾಗಿತ್ತು ಎಂದಷ್ಟೇ ಅದರ ಅರ್ಥ.

‘ಹ್ಯೂಮರ್ ಮಿ’ ಎಂದರೆ ‘ನನ್ನನ್ನು ನಗಿಸು’ ಎಂದೇ?

ಅಲ್ಲ. ಕ್ರಿಯಾಪದವಾಗಿ ‘ಹ್ಯೂಮರ್’ ಎಂದರೆ ಇನ್ನೊಬ್ಬರ ಮನಃಸ್ಥಿತಿಗೆ, ಖಯಾಲಿಗೆ ತಕ್ಕಂತೆ ನಡೆದುಕೊಳ್ಳುವುದು. ಮಗು ಗೊಂಬೆಗೆ ಜ್ವರ ಬಂದಿದೆ ಎಂದರೆ ಅಜ್ಜ ಗೊಂಬೆಯ ನಾಡಿ ಹಿಡಿದು ನೋಡುತ್ತಾನಲ್ಲ, ಅದು ‘ಹ್ಯೂಮರಿಂಗ್’. ಅಜ್ಜನಿಗೆ ನಂಬಿಕೆಯಿಲ್ಲ, ಮಗುವಿನ ಮನಸ್ಸು ನೋಯಿಸುವ ಇಚ್ಛೆಯೂ ಇಲ್ಲ.

‘ಜಸ್ಟ್ ಹ್ಯೂಮರ್ ಮಿ’ ಎಂದು ಗೆಳೆಯ ಹೇಳಿದರೆ, ‘ಇದು ನಿನಗೆ ಹುಚ್ಚುತನ ಎನಿಸಬಹುದು, ಆದರೂ ನನಗಾಗಿ ಇಷ್ಟು ಮಾಡು’ ಎಂಬ ಬೇಡಿಕೆ. ಇದರಲ್ಲಿ ವಿನಯವಿದೆ. ಅದೇ ‘ಡೋಂಟ್ ಹ್ಯೂಮರ್ ಮಿ’ ಎಂದರೆ ಧ್ವನಿ ಬದಲಾಗುತ್ತದೆ: ‘ನನ್ನ ಸಮಾಧಾನಕ್ಕೆ ಹೂಂಗುಟ್ಟಬೇಡ, ನಿನಗೆ ಅನ್ನಿಸಿದ್ದನ್ನು ಹೇಳು’. ಕನ್ನಡದಲ್ಲಿ ಸಂದರ್ಭ ನೋಡಿ ‘ಓಲೈಸು’, ‘ಮನಸ್ಸು ಹಿಡಿ’, ‘ಹೂಂಗುಟ್ಟು’, ‘ತಾಳಕ್ಕೆ ತಕ್ಕಂತೆ ಕುಣಿ’ ಎನ್ನಬಹುದು. ಕೊನೆಯದರಲ್ಲಿ ಸ್ವಲ್ಪ ಕಹಿ ಹೆಚ್ಚು. ಮೇಲಧಿಕಾರಿಯ ಮುಂದೆ ‘ಐ ವಿಲ್ ಹ್ಯೂಮರ್ ಯು’ ಎಂದು ಬಾಯಿ ತಪ್ಪಿಯೂ ಹೇಳಬೇಡಿ. ‘ನಿಮ್ಮ ಹುಚ್ಚಿಗೆ ಸದ್ಯಕ್ಕೆ ತಲೆಯಾಡಿಸುತ್ತೇನೆ’ ಎಂದಂತಾಗುತ್ತದೆ.

‘ಹ್ಯೂಮರ್ ಸೆನ್ಸ್’ ಎನ್ನುವುದು ತಪ್ಪೇ?

ಕನ್ನಡದ ಮಾತಿನಲ್ಲಿ ‘ಅವರಿಗೆ ಹ್ಯೂಮರ್ ಸೆನ್ಸ್ ಇದೆ’ ಎನ್ನುವುದು ಬೇರೂರಿದೆ, ಯಾರಿಗೂ ಅರ್ಥವಾಗದೆ ಇರುವುದಿಲ್ಲ. ‘ಹಾಸ್ಯಪ್ರಜ್ಞೆ’ ಎಂಬ ಸಮಾಸದ ಜಾಡಿನಲ್ಲೇ ಅದು ನಡೆದಿದೆ, ಮೊದಲು ಹಾಸ್ಯ, ಆಮೇಲೆ ಪ್ರಜ್ಞೆ. ಇಂಗ್ಲಿಷ್ ಬರೆಯುವಾಗ ಮಾತ್ರ ‘ಸೆನ್ಸ್ ಆಫ್ ಹ್ಯೂಮರ್’ ಎಂದೇ ಬರೆಯಬೇಕು. ಮುಂದೆ ‘ಎ’ ಸೇರಿಸುವುದನ್ನು ಮರೆಯಬಾರದು: ‘ಶಿ ಹ್ಯಾಸ್ ಎ ಗುಡ್ ಸೆನ್ಸ್ ಆಫ್ ಹ್ಯೂಮರ್’. ‘ಶಿ ಹ್ಯಾಸ್ ಗುಡ್ ಹ್ಯೂಮರ್’ ಎಂದರೆ ವಾಕ್ಯ ಕುಂಟುತ್ತದೆ. ‘ಶಿ ಈಸ್ ಇನ್ ಗುಡ್ ಹ್ಯೂಮರ್’ ಎಂದರೆ ಸರಿಯಾದ ವಾಕ್ಯವೇ, ಆದರೆ ಅದರ ಅರ್ಥ ‘ಅವಳು ಈಗ ಖುಷಿಯಾಗಿದ್ದಾಳೆ’ ಎಂದಾಗುತ್ತದೆ.

‘ಎ ಹ್ಯೂಮರ್’, ‘ಮೆನಿ ಹ್ಯೂಮರ್ಸ್’ ಎನ್ನಬಹುದೇ?

ನಗೆಯ ಅರ್ಥದಲ್ಲಿ ಇದು ಎಣಿಸಲಾಗದ ನಾಮಪದ. ‘ಹಿ ಟೋಲ್ಡ್ ಎ ಹ್ಯೂಮರ್’ ತಪ್ಪು. ಅಲ್ಲಿ ‘ಎ ಜೋಕ್’ ಬೇಕು. ಎಣಿಸಬಹುದಾದದ್ದು ಮುಖ್ಯವಾಗಿ ದ್ರವಗಳನ್ನು, ‘ದಿ ಫೋರ್ ಹ್ಯೂಮರ್ಸ್’. ಒಟ್ಟಾರೆ ಗುಣಕ್ಕೆ ‘ಎ ಲಾಟ್ ಆಫ್ ಹ್ಯೂಮರ್’, ಅಂಶಕ್ಕೆ ‘ಎ ಟಚ್ ಆಫ್ ಹ್ಯೂಮರ್’.

ಸೆನ್ಸ್ ಆಫ್ ಹ್ಯೂಮರ್ ಇರುವವರು ಎಂದರೆ ಜೋಕ್ ಹೇಳುವವರೇ?

ಜೋಕ್ ಹೇಳುವುದು ಕಸುಬು, ಕಲಿತರೆ ಬರುತ್ತದೆ. ನೆನಪಿನ ಶಕ್ತಿ, ವಿರಾಮದ ಅಂದಾಜು, ಸ್ವಲ್ಪ ಧೈರ್ಯ ಇದ್ದರೆ ಸಾಕು. ಸೆನ್ಸ್ ಆಫ್ ಹ್ಯೂಮರ್ ಎನ್ನುವುದು ನೋಡುವ ಬಗೆ. ತಾನು ಹೇಳಿದ್ದೇ ಸರಿ ಎಂದು ಮೇಜು ಕುಟ್ಟುತ್ತಿರುವಾಗಲೇ ತನ್ನ ಪಾಡು ಹೊರಗಿನಿಂದ ಹೇಗೆ ಕಾಣುತ್ತಿದೆ ಎಂಬುದು ಹೊಳೆದು ತಾನೇ ನಕ್ಕುಬಿಡುವವರಿಗೆ ಅದು ಇದೆ. ನೂರು ಜೋಕ್ ಬಾಯಿಪಾಠ ಮಾಡಿಕೊಂಡೂ, ತನ್ನ ಮೇಲೆ ಯಾರಾದರೂ ಒಂದು ಮಾತು ಆಡಿದರೆ ಕೆರಳುವವರಿಗೆ ಅದು ಇಲ್ಲ. ಇಂಥ ಕೆರಳಿಕೆಗೆ ಬ್ರಿಟಿಷರು ‘ಸೆನ್ಸ್ ಆಫ್ ಹ್ಯೂಮರ್ ಫೇಲ್ಯೂರ್’ ಎಂದು ಯಂತ್ರ ಕೆಟ್ಟಿತು ಎಂಬಂತೆ ಹೇಳುತ್ತಾರೆ.

ಇದೊಂದು ಮೆಚ್ಚತಕ್ಕ ಗುಣ, ಇಲ್ಲದಿದ್ದರೆ ಕೊರತೆ ಎಂಬ ಭಾವನೆ ಬಲವಾಗಿ ಬೆಳೆದದ್ದು 19ನೇ ಶತಮಾನದಲ್ಲಿ. ಬ್ರಿಟಿಷ್ ಪತ್ರಿಕೆಗಳಲ್ಲಿ ಸಂಗಾತಿ ಬೇಕೆಂಬ ಜಾಹೀರಾತುಗಳು ಅದನ್ನು ‘ಜಿಎಸ್‌ಒಎಚ್’ ಎಂಬ ನಾಲ್ಕಕ್ಷರಕ್ಕೆ ಇಳಿಸಿದವು: ಗುಡ್ ಸೆನ್ಸ್ ಆಫ್ ಹ್ಯೂಮರ್. ತನಗೆ ಅದು ಇಲ್ಲ ಎಂದು ಜಾಹೀರಾತು ಕೊಡುವವರು ಯಾರೂ ಇರಲಿಕ್ಕಿಲ್ಲ.

‘ವಿಟ್’ ಮತ್ತು ‘ಹ್ಯೂಮರ್’ ಒಂದೇ ಅಲ್ಲವೇ?

ಸಮೀಪದ ಪದಗಳು, ಆದರೆ ಹುಟ್ಟಿದ ಜಾಗ ಬೇರೆ. ‘ವಿಟ್’ ಎಂದರೆ ಮೂಲದಲ್ಲಿ ತಿಳಿವಳಿಕೆ, ಬುದ್ಧಿ. ಸಂಸ್ಕೃತದ ‘ವಿದ್’ ಧಾತುವಿಗೆ, ಹಾಗಾಗಿ ನಮ್ಮ ‘ವಿದ್ಯೆ’, ‘ವೇದ’ಗಳಿಗೆ ಅದು ದೂರದ ದಾಯಾದಿ. ‘ಅಟ್ ಮೈ ವಿಟ್ಸ್ ಎಂಡ್’ ಎಂದಾಗ ಇಂದಿಗೂ ಬುದ್ಧಿ ಎಂಬ ಅರ್ಥವೇ. ವಿಟ್ ತಲೆಯಲ್ಲಿ ಹುಟ್ಟುತ್ತದೆ, ಮಾತಿನಲ್ಲಿ ಮಿಂಚುತ್ತದೆ, ಯಾರನ್ನಾದರೂ ಚುಚ್ಚಲೂಬಹುದು. ಹ್ಯೂಮರ್ ಸ್ವಭಾವದಿಂದ ಒಸರುತ್ತದೆ, ಅದಕ್ಕೆ ಅವಸರವಿಲ್ಲ.

17 ಮತ್ತು 18ನೇ ಶತಮಾನದ ಇಂಗ್ಲಿಷ್ ಲೇಖಕರಿಗೆ ಈ ವ್ಯತ್ಯಾಸ ದೊಡ್ಡ ಚರ್ಚೆಯ ವಿಷಯ. ನಾಟಕಕಾರ ಕಾಂಗ್ರೀವ್ 1695ರಲ್ಲಿ ನಾಟಕದ ಹ್ಯೂಮರ್ ಬಗ್ಗೆ ಒಂದು ಉದ್ದನೆಯ ಪತ್ರ ಬರೆದ. 1709ರಲ್ಲಿ ಚಿಂತಕ ಶಾಫ್ಟ್ಸ್‌ಬರಿ ವಿಟ್ ಮತ್ತು ಹ್ಯೂಮರ್‌ಗಳ ಸ್ವಾತಂತ್ರ್ಯದ ಪರವಾಗಿ ಪ್ರಬಂಧ ಪ್ರಕಟಿಸಿದ. ಇಂದಿನ ಬಳಕೆಯಲ್ಲಿ ಇಷ್ಟು ಬಿಗಿ ಇಲ್ಲ. ಆದರೂ ‘ವಿಟಿ ರಿಪ್ಲೈ’ ಎಂದರೆ ಥಟ್ಟನೆ ಬಂದ ಜಾಣ ಉತ್ತರ. ಮಾರನೆಯ ದಿನ ಹೊಳೆದ ಉತ್ತರ ಎಷ್ಟೇ ನಗು ತರಿಸಿದರೂ ಅದಕ್ಕೆ ಆ ಗೌರವ ಸಿಗುವುದಿಲ್ಲ. ‘ಕಾಮೆಡಿ’ ಮೂರನೆಯದೇ ಪದ, ಅದು ಪ್ರಕಾರದ ಹೆಸರು: ನಾಟಕ, ಚಿತ್ರ, ಪ್ರದರ್ಶನ. ಕಾಮೆಡಿಯಲ್ಲಿ ಹ್ಯೂಮರ್ ಇರಬೇಕೆಂದು ಪ್ರೇಕ್ಷಕರು ಆಶಿಸುತ್ತಾರೆ, ಅಷ್ಟೇ.

ಹಾಗಾದರೆ ‘ಸರ್ಕ್ಯಾಸಂ’?

ಅದರ ಗ್ರೀಕ್ ಮೂಲದಲ್ಲಿ ‘ಮಾಂಸವನ್ನು ಹರಿದು ಕೀಳುವುದು’ ಎಂಬ ಅರ್ಥವಿದೆ. ಇನ್ನು ವಿವರಣೆ ಬೇಕಾಗಿಲ್ಲ. ಕನ್ನಡದಲ್ಲಿ ‘ಕುಹಕ’, ‘ಚುಚ್ಚುಮಾತು’. ‘ಐರನಿ’ಯಲ್ಲಿ ಹೇಳಿದ್ದಕ್ಕೂ ಉದ್ದೇಶಕ್ಕೂ, ಅಥವಾ ನಿರೀಕ್ಷೆಗೂ ಘಟನೆಗೂ ತಿರುವುಮುರುವಾದ ನಂಟು ಇರುತ್ತದೆ, ಯಾರಿಗೂ ನೋವಾಗಲೇಬೇಕೆಂದಿಲ್ಲ. ‘ಸಟೈರ್’ ವಿಡಂಬನೆ, ಅದಕ್ಕೆ ಗುರಿ ಇರುತ್ತದೆ. ಇವು ಮೂರೂ ಹ್ಯೂಮರನ್ನು ಉಪಕರಣವಾಗಿ ಬಳಸಬಹುದು, ಬಳಸದೆಯೂ ಇರಬಹುದು.

‘ಹ್ಯೂಮರಸ್’, ‘ಫನ್ನಿ’, ‘ಹಿಲೇರಿಯಸ್’: ಯಾವುದನ್ನು ಎಲ್ಲಿ?

‘ಫನ್ನಿ’ ಎಲ್ಲರ ಪದ. ಆದರೆ ಅದಕ್ಕೆ ‘ವಿಚಿತ್ರ’, ‘ಅನುಮಾನಾಸ್ಪದ’ ಎಂಬ ಇನ್ನೊಂದು ಮುಖವಿದೆ. ‘ಫನ್ನಿ ಸ್ಮೆಲ್’ ಎಂದರೆ ನಗಿಸುವ ವಾಸನೆಯಲ್ಲ. ‘ಹ್ಯೂಮರಸ್’ ಬರವಣಿಗೆಯ ಪದ, ಸ್ವಲ್ಪ ಮಡಿವಂತಿಕೆಯದು: ‘ಹ್ಯೂಮರಸ್ ಎಸ್ಸೇ’. ಸಭೆಯಲ್ಲಿ ನಕ್ಕು ಸುಸ್ತಾದವರು ‘ದಟ್ ವಾಸ್ ಹ್ಯೂಮರಸ್’ ಎನ್ನುವುದಿಲ್ಲ. ಯಾರಾದರೂ ಹಾಗೆಂದರೆ ಅವರಿಗೆ ನಗು ಬಂದಿಲ್ಲ ಎಂದು ತಿಳಿಯುವುದು ಕ್ಷೇಮ. ‘ಹಿಲೇರಿಯಸ್’ ಎಂದರೆ ಹೊಟ್ಟೆ ಹುಣ್ಣಾಗುವಷ್ಟು ನಗೆ. ಮೊಬೈಲ್ ಸಂದೇಶಗಳ ಕಾಲದಲ್ಲಿ ಅದನ್ನು ಮುಗುಳುನಗೆಗೂ ಖರ್ಚು ಮಾಡುತ್ತಿದ್ದಾರೆ. ‘ಹ್ಯೂಮರಿಸ್ಟ್’ ಎಂದರೆ ಮುಖ್ಯವಾಗಿ ಹಾಸ್ಯಲೇಖಕ, ಮಾರ್ಕ್ ಟ್ವೈನ್‌ನಂಥವರು. ಒಂದು ಕಾಲದಲ್ಲಿ ಆ ಪದಕ್ಕೆ ಖಯಾಲಿಯ ಮನುಷ್ಯ ಎಂಬ ಅರ್ಥವೂ ಇತ್ತು.

‘ಡ್ರೈ’, ‘ಬ್ಲ್ಯಾಕ್’, ‘ಗ್ಯಾಲೋಸ್’: ಹ್ಯೂಮರ್‌ಗೆ ಇಷ್ಟೊಂದು ವಿಶೇಷಣಗಳು ಯಾಕೆ?

ಒಂದೊಂದಕ್ಕೂ ಬೇರೆ ಜಾತಕವಿದೆ. ‘ಡ್ರೈ ಹ್ಯೂಮರ್’ ಎಂದರೆ ಮುಖದಲ್ಲಿ ನಗುವಿಲ್ಲದೆ, ಧ್ವನಿ ಏರಿಸದೆ, ಸುದ್ದಿ ಹೇಳುವಂತೆ ಹೇಳಿಬಿಡುವ ಹಾಸ್ಯ. ತೇವ ಎಂಬ ಅರ್ಥದ ಪದಕ್ಕೆ ‘ಒಣ’ ಎಂಬ ವಿಶೇಷಣ ಅಂಟಿಸಿ ಇಂಗ್ಲಿಷರು ತಮಗೇ ತಿಳಿಯದಂತೆ ಒಂದು ಒಣ ಹಾಸ್ಯ ಮಾಡಿದ್ದಾರೆ. ‘ಡೆಡ್‌ಪ್ಯಾನ್’ ಇದರ ನೆರೆಯದು. ಅಲ್ಲಿನ ‘ಪ್ಯಾನ್’ ಎಂದರೆ ಆಡುಮಾತಿನಲ್ಲಿ ಮುಖ, ಅಂದರೆ ಸತ್ತ ಮುಖ. ಮೂಕಿ ಚಿತ್ರಗಳ ಬಸ್ಟರ್ ಕೀಟನ್ ಅದಕ್ಕೆ ಹೆಸರಾದವನು, ಮನೆಯೇ ಕುಸಿದು ಬಿದ್ದರೂ ಅವನ ಮುಖದ ಗೆರೆ ಅಲುಗುವುದಿಲ್ಲ.

‘ಬ್ಲ್ಯಾಕ್ ಹ್ಯೂಮರ್’ ಎಂದರೆ ಸಾವು, ರೋಗ, ಕ್ರೌರ್ಯದಂಥ ನಗಬಾರದ ಸಂಗತಿಗಳಲ್ಲಿ ನಗೆ ಕಾಣುವುದು. ಈ ಹೆಸರನ್ನು ಊರ್ಜಿತಗೊಳಿಸಿದವನು ಫ್ರೆಂಚ್ ಕವಿ ಆಂದ್ರೆ ಬ್ರೆತೋನ್. ಅಂಥ ಬರಹಗಳ ಸಂಕಲನವೊಂದನ್ನು ಅವನು 1940ರಲ್ಲಿ ಸಿದ್ಧಪಡಿಸಿ, ಜೊನಾಥನ್ ಸ್ವಿಫ್ಟ್‌ನನ್ನು ಅದರ ಆದ್ಯನೆಂದು ಕೂರಿಸಿದ. ಬಡವರ ಮಕ್ಕಳನ್ನು ಶ್ರೀಮಂತರ ಊಟಕ್ಕೆ ಮಾರಿದರೆ ಬಡತನ ನೀಗುತ್ತದೆ ಎಂದು 1729ರಲ್ಲಿ ಲೆಕ್ಕಪತ್ರ ಸಮೇತ ಗಂಭೀರವಾಗಿ ಸಲಹೆ ಕೊಟ್ಟವನು ಸ್ವಿಫ್ಟ್, ಹಾಗಾಗಿ ಆ ಪಟ್ಟ ಸಲ್ಲತಕ್ಕದ್ದೇ. ಇಲ್ಲಿ ‘ಕಪ್ಪು’ ಎಂಬುದಕ್ಕೂ ಹಳೆಯ ಕಪ್ಪು ಪಿತ್ತಕ್ಕೂ ನೇರ ಸಂಬಂಧವಿಲ್ಲ, ಜೋಡಿಸುವ ಆಸೆ ಯಾರಿಗಾದರೂ ಆಗುವಂಥದ್ದು.

‘ಗ್ಯಾಲೋಸ್ ಹ್ಯೂಮರ್’ ಇನ್ನೂ ಕಿರಿದಾದ ಅರ್ಥದ್ದು, ಜರ್ಮನ್ ಪದದ ಅನುವಾದ. ನೇಣುಗಂಬದ ಹಾಸ್ಯ. ಸಂಕಟದಲ್ಲಿ ಇರುವವನೇ ತನ್ನ ಸಂಕಟದ ಬಗ್ಗೆ ಆಡುವ ಮಾತು ಅದು, ದಡದ ಮೇಲೆ ನಿಂತವನು ಆಡಿದರೆ ಆಗದು. ಸಿಗ್ಮಂಡ್ ಫ್ರಾಯ್ಡ್ 1927ರ ತನ್ನ ಪ್ರಬಂಧದಲ್ಲಿ ಕೊಡುವ ಉದಾಹರಣೆ ಪ್ರಸಿದ್ಧ: ಸೋಮವಾರ ಬೆಳಿಗ್ಗೆ ಗಲ್ಲಿಗೆ ಕರೆದೊಯ್ಯುತ್ತಿರುವಾಗ ಅಪರಾಧಿ, ವಾರ ಚೆನ್ನಾಗಿಯೇ ಶುರುವಾಯಿತು ಎನ್ನುತ್ತಾನೆ. ನೋವಿಗೆ ಮಣಿಯಲು ಮನಸ್ಸು ಒಪ್ಪದಿರುವುದೇ ಹ್ಯೂಮರಿನ ದೊಡ್ಡಸ್ತಿಕೆ ಎನ್ನುವುದು ಫ್ರಾಯ್ಡನ ವಾದ. ಅವನ ಉಳಿದ ವಾದಗಳನ್ನು ಒಪ್ಪದವರೂ ಇದನ್ನು ತಳ್ಳಿಹಾಕುವುದು ಕಷ್ಟ.

‘ಸ್ಲ್ಯಾಪ್‌ಸ್ಟಿಕ್’ ಎಂದರೆ ಬೀಳುವುದು, ಜಾರುವುದು, ಹೊಡೆತ ತಿನ್ನುವುದು. ಇಟಲಿಯ ಹಳೆಯ ಹಾಸ್ಯನಾಟಕಗಳಲ್ಲಿ ಎರಡು ಮರದ ಪಟ್ಟಿಗಳನ್ನು ಜೋಡಿಸಿದ ಕೋಲು ಇರುತ್ತಿತ್ತು. ಹೊಡೆದರೆ ಶಬ್ದ ಜೋರು, ಪೆಟ್ಟು ಕಡಿಮೆ. ಆ ಕೋಲಿನಿಂದಲೇ ಈ ಹೆಸರು.

ಕಾಗುಣಿತದಲ್ಲಿ ‘ಯು’ ಬೇಕೋ ಬೇಡವೋ?

ಬ್ರಿಟಿಷ್ ರೂಢಿಯಲ್ಲಿ ಕೊನೆಗೆ ‘ಒ-ಯು-ಆರ್’, ಅಮೆರಿಕನ್ ರೂಢಿಯಲ್ಲಿ ‘ಒ-ಆರ್’. ಅಮೆರಿಕದಲ್ಲಿ ‘ಯು’ ಇಲ್ಲದ ರೂಪಕ್ಕೆ ಬಲ ಕೊಟ್ಟವನು ನೋವಾ ವೆಬ್‌ಸ್ಟರ್, ಅವನ ದೊಡ್ಡ ನಿಘಂಟು 1828ರದು. ಬ್ರಿಟಿಷ್ ರೂಢಿ ಅನುಸರಿಸುವವರಿಗೆ ಒಂದು ಗುಂಡಿ ಕಾದಿದೆ: ‘ಹ್ಯೂಮರಸ್’, ‘ಹ್ಯೂಮರಿಸ್ಟ್’ ಪದಗಳಲ್ಲಿ ಬ್ರಿಟಿಷರೂ ‘ಯು’ ಬಿಡುತ್ತಾರೆ, ‘ಹ್ಯೂಮರ್‌ಲೆಸ್’, ‘ಹ್ಯೂಮರ್ಡ್’, ‘ಹ್ಯೂಮರಿಂಗ್’ ಪದಗಳಲ್ಲಿ ಉಳಿಸಿಕೊಳ್ಳುತ್ತಾರೆ. ಲ್ಯಾಟಿನ್ ಬಗೆಯ ಪ್ರತ್ಯಯ ಬಂದರೆ ‘ಯು’ ಹೋಗುತ್ತದೆ, ಅಚ್ಚ ಇಂಗ್ಲಿಷ್ ಪ್ರತ್ಯಯ ಬಂದರೆ ಉಳಿಯುತ್ತದೆ. ಎರಡು ರೂಢಿಗಳಲ್ಲಿ ಯಾವುದಾದರೂ ಸರಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸದಿದ್ದರಾಯಿತು.

ಉಚ್ಚಾರಣೆ?

‘ಹ್ಯೂಮರ್’. ಹಿಂದೆ ಮೊದಲ ‘ಹ’ಕಾರವನ್ನು ನುಂಗಿ ‘ಯೂಮರ್’ ಎನ್ನುತ್ತಿದ್ದರು, ಅಮೆರಿಕದ ಕೆಲವರಲ್ಲಿ ಈಗಲೂ ಅದು ಕೇಳಿಸುತ್ತದೆ.

‘ಹ್ಯೂಮನ್’, ‘ಹಂಬಲ್’ ಪದಗಳಿಗೂ ಇದಕ್ಕೂ ಬಳಗವಿದೆಯೇ?

ಇಲ್ಲ. ಆ ಎರಡೂ ಪದಗಳು ನೆಲ, ಮಣ್ಣು ಎಂಬ ಅರ್ಥದ ಲ್ಯಾಟಿನ್ ‘ಹ್ಯೂಮಸ್’ ಕಡೆಯವು. ‘ಊಮೊರ್’ ಎಂಬುದಕ್ಕೆ ಲ್ಯಾಟಿನ್ನಿನಲ್ಲೇ ‘ಹ’ಕಾರ ಅಂಟಿದ್ದು ಈ ಮಣ್ಣಿನ ಪದದ ಜೊತೆ ತಪ್ಪು ನಂಟು ಕಲ್ಪಿಸಿದ್ದರಿಂದ. ಇನ್ನು ತೋಳಿನ ಮೇಲ್ಭಾಗದ ಎಲುಬಿನ ಹೆಸರು ಕೂಡ ‘ಹ್ಯೂಮರಸ್’, ಉಚ್ಚಾರ ಒಂದೇ, ಕಾಗುಣಿತ ಬೇರೆ. ಮೊಣಕೈ ತಗುಲಿದಾಗ ಜುಮ್ಮೆನ್ನುವ ಜಾಗವನ್ನು ‘ಫನ್ನಿ ಬೋನ್’ ಎನ್ನುವುದು ಈ ಶ್ಲೇಷೆಯಿಂದ ಎಂದು ಹಲವರು ಹೇಳುತ್ತಾರೆ. ಅಲ್ಲಿ ಜುಮ್ಮೆನ್ನುವುದು ಎಲುಬಲ್ಲ, ಅದರ ಪಕ್ಕದಲ್ಲಿ ಹಾದುಹೋಗುವ ಅಲ್ನಾರ್ ನರ.

ಯುರೋಪಿನ ಬೇರೆ ಭಾಷೆಗಳಲ್ಲೂ ಇದೇ ಅರ್ಥವೇ?

ಸ್ಪ್ಯಾನಿಷ್ ಭಾಷೆಯಲ್ಲಿ ‘ಉಮೋರ್’ ಎಂದರೆ ಇಂದಿಗೂ ಹಾಸ್ಯವೂ ಹೌದು, ಮೂಡ್ ಕೂಡ ಹೌದು. ‘ಮಾಲ್ ಉಮೋರ್’ ಎಂದರೆ ಕೆಟ್ಟ ಮೂಡ್. ಫ್ರೆಂಚರದು ಇನ್ನೂ ಸ್ವಾರಸ್ಯ. ಅವರು ಇಂಗ್ಲಿಷಿಗೆ ಕೊಟ್ಟ ಪದದ ವಂಶದ್ದೇ ಆದ ‘ಯುಮ್ಯೊರ್’ ಅವರಲ್ಲಿ ಮನಃಸ್ಥಿತಿಯಾಗಿ ಉಳಿಯಿತು. ನಗೆಯ ಅರ್ಥಕ್ಕೆ 18ನೇ ಶತಮಾನದಲ್ಲಿ ಅದೇ ಪದವನ್ನು ಇಂಗ್ಲಿಷಿನಿಂದ ‘ಯುಮೂರ್’ ಎಂದು ಮರಳಿ ತಂದುಕೊಂಡರು. ಸಂಗೀತದಲ್ಲಿ ‘ಹ್ಯೂಮರೆಸ್ಕ್’ ಎಂಬ ರಚನೆಗಳಿವೆ. ಜರ್ಮನ್ ಸಂಗೀತಕಾರ ಶೂಮನ್ 1839ರಲ್ಲಿ ರಚಿಸಿದ ಅಂಥ ಕೃತಿಯನ್ನು ನಗಿಸುತ್ತದೆಂದು ಕೇಳಲು ಕುಳಿತರೆ ನಿರಾಶೆಯಾಗುತ್ತದೆ, ಅಲ್ಲಿರುವುದು ಕ್ಷಣಕ್ಷಣಕ್ಕೂ ಹೊರಳುವ ಭಾವಗಳು.

ಮನುಷ್ಯ ಯಾಕೆ ನಗುತ್ತಾನೆ ಎಂಬುದಕ್ಕೆ ಈ ಪದದಲ್ಲಿ ಉತ್ತರವಿದೆಯೇ?

ಪದದಲ್ಲಿ ಇಲ್ಲ, ಪುಸ್ತಕಗಳಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ. 1651ರಲ್ಲಿ ಇಂಗ್ಲಿಷ್ ತತ್ವಜ್ಞಾನಿ ಥಾಮಸ್ ಹಾಬ್ಸ್, ಇನ್ನೊಬ್ಬರ ಕುಂದು ಕಂಡು ನಮ್ಮ ಬಗ್ಗೆ ಥಟ್ಟನೆ ಮೂಡುವ ಹೆಮ್ಮೆಯೇ ನಗು ಎಂದ. 1790ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್, ಬಿಗಿಯಾಗಿ ಏರಿದ ನಿರೀಕ್ಷೆ ಏನೂ ಇಲ್ಲವಾಗಿ ಕರಗಿದಾಗ ನಗು ಎಂದ. 1860ರಲ್ಲಿ ಹರ್ಬರ್ಟ್ ಸ್ಪೆನ್ಸರ್, ಒಳಗೆ ಸೇರಿಕೊಂಡ ನರಶಕ್ತಿ ಹೊರಬೀಳುವ ದಾರಿ ನಗು ಎಂದ. ಜಾರಿಬಿದ್ದವನನ್ನು ನೋಡಿ ನಗುವುದಕ್ಕೆ ಹಾಬ್ಸ್ ಸಾಕು. ಶ್ಲೇಷೆಗೆ ನಕ್ಕರೆ ಕಾಂಟ್ ಬೇಕು. ಸಂತಾಪ ಸಭೆಯಲ್ಲಿ ನಗು ತಡೆಯಲಾಗದೆ ಒದ್ದಾಡುವವರಿಗೆ ಸ್ಪೆನ್ಸರನೇ ಗತಿ. ಮೂವರಲ್ಲಿ ಒಬ್ಬನೇ ಸರಿ ಎಂದು ಹಟ ಹಿಡಿಯುವವರಿಗೆ ಹ್ಯೂಮರ್ ಕಡಿಮೆ ಇರಬೇಕು.

ಕನ್ನಡದಲ್ಲಿ ಇದಕ್ಕೆ ಸರಿಯಾದ ಪದ ಯಾವುದು?

‘ಹಾಸ್ಯ’ ಎಂಬುದು ಹೆಚ್ಚಿನ ಕಡೆ ಸಾಕು, ಆದರೆ ಅದು ಬೇರೆ ಬಾಗಿಲಿನಿಂದ ಬಂದ ಪದ. ಅದರ ಧಾತುವಿನ ಅರ್ಥವೇ ನಗುವುದು. ಭರತನ ನಾಟ್ಯಶಾಸ್ತ್ರ ಹಾಸ್ಯರಸವನ್ನು ಹೇಳುವಾಗ ನಗೆಯನ್ನೇ ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯಾಗಿ ವಿಂಗಡಿಸುತ್ತದೆ: ಹಲ್ಲು ಕಾಣದ ಮುಗುಳುನಗೆ ಒಂದು ತುದಿ, ಕಣ್ಣೀರು ಸುರಿಯುವ ಅಟ್ಟಹಾಸ ಇನ್ನೊಂದು ತುದಿ. ಅಂದರೆ ಹಾಸ್ಯ ಎಂಬ ಪದ ತುಟಿಯ ಬಳಿ ಶುರುವಾಗುತ್ತದೆ, ಹ್ಯೂಮರ್ ಒಳಗಿನ ತೇವದಿಂದ.

ಹ್ಯೂಮರ್ ನಡೆದ ದಾರಿಯಲ್ಲೇ ನಡೆದ ಪದ ನಮ್ಮಲ್ಲಿ ಯಾವುದು ಎಂದು ಹುಡುಕಿದರೆ ಸಿಗುವುದು ‘ರಸ’. ಅದೂ ಮೊದಲು ದ್ರವ, ಹಣ್ಣಿನದೋ ದೇಹದ್ದೋ. ಆಮೇಲೆ ಸವಿ, ಆಮೇಲೆ ಭಾವ. ಅದರಿಂದ ಹುಟ್ಟಿದ ಪದಗಳನ್ನು ಸಾಲಾಗಿ ನಿಲ್ಲಿಸಿ ನೋಡಿ. ‘ಸರಸಿ’ ಎಂಬುದು ‘ಗುಡ್-ಹ್ಯೂಮರ್ಡ್’ ಎಂಬುದಕ್ಕೆ ತೀರಾ ಹತ್ತಿರ. ಇಬ್ಬರ ನಡುವೆ ‘ವಿರಸ’ ಬಂದರೆ ‘ಇಲ್ ಹ್ಯೂಮರ್’. ಏನೂ ಇಲ್ಲದಿದ್ದರೆ ‘ನೀರಸ’, ಅದೇ ‘ಹ್ಯೂಮರ್‌ಲೆಸ್’. ‘ರಸಿಕತೆ’ ಎಂಬ ಪದವನ್ನು ಶೃಂಗಾರಕ್ಕೆ ಬಿಟ್ಟುಕೊಟ್ಟದ್ದು ನಮ್ಮ ನಷ್ಟ ಎಂದು ನನ್ನ ಅನಿಸಿಕೆ. ಇಲ್ಲದಿದ್ದರೆ ‘ಸೆನ್ಸ್ ಆಫ್ ಹ್ಯೂಮರ್’ ಎಂಬುದಕ್ಕೆ ‘ಹಾಸ್ಯಪ್ರಜ್ಞೆ’ ಎಂಬ ಶಾಸ್ತ್ರದ ವಾಸನೆಯ ಸಮಾಸ ಕಟ್ಟಬೇಕಾಗಿರಲಿಲ್ಲ. ಉಳಿದಂತೆ ‘ವಿನೋದ’ ಹಗುರ ಹಾಸ್ಯಕ್ಕೆ ಒಪ್ಪುತ್ತದೆ, ‘ತಿಳಿಹಾಸ್ಯ’ ನೋಯಿಸದ ಹ್ಯೂಮರ್‌ಗೆ ಒಳ್ಳೆಯ ಪದ. ‘ಕುಚೋದ್ಯ’, ‘ಲೇವಡಿ’, ‘ಗೇಲಿ’ಗಳನ್ನು ಹ್ಯೂಮರ್‌ಗೆ ಬಳಸಬಾರದು. ಅವುಗಳಲ್ಲಿ ಎದುರಿಗೆ ಒಬ್ಬ ಬಲಿಪಶು ಇದ್ದೇ ಇರುತ್ತಾನೆ.

ಉದ್ಯೋಗದ ಅರ್ಜಿಯಲ್ಲಿ ‘ಐ ಹ್ಯಾವ್ ಎ ಗುಡ್ ಸೆನ್ಸ್ ಆಫ್ ಹ್ಯೂಮರ್’ ಎಂದು ಬರೆದರೆ ಒಳ್ಳೆಯದೇ?

ವ್ಯಾಕರಣ ಸರಿಯಿದೆ. ಬರೆಯದಿರುವುದೇ ಲೇಸು. ಸಂದರ್ಶನದಲ್ಲಿ ‘ಹಾಗಾದರೆ ಒಂದು ಉದಾಹರಣೆ ಕೊಡಿ’ ಎಂದು ಕೇಳಿದರೆ ಆ ಕೋಣೆಯಲ್ಲಿ ಯಾರಿಗೂ ನಗು ಬರುವುದಿಲ್ಲ.